ಒಂದೂ ಶೋ ನೋಡದ ರಾಕ್ ಪಂಡಿತ

ರಾಕ್ ಸಂಗೀತದ ಹುಚ್ಚಿರುವವನು ಗುಜರಾತಿಗೆ ಕೆಲಸಕ್ಕೆ ಹೋಗಬಾರದು. ಹೋದರೂ ಇಯರ್‌ಫೋನ್ ಸಿಕ್ಕಿಸಿಕೊಂಡು ತೆಪ್ಪಗಿರಬೇಕು. ನಾನು ಹೋದೆ, ತೆಪ್ಪಗೂ ಇರಲಿಲ್ಲ. ಹಾಗಾಗಿ ವಡೋದರಾ, ಸೂರತ್, ಅಹಮದಾಬಾದ್, ಎಲ್ಲಿ ಕಾಲಿಟ್ಟರೂ ನನಗೆ ಪೇಚಿನ ಪ್ರಸಂಗಗಳು ತಪ್ಪಲಿಲ್ಲ. ನಾನು ಹುಡುಕಿಕೊಂಡು ಹೋಗದಿದ್ದರೆ ಅವೇ ಮೆಟ್ಟಿಲು ಹತ್ತಿ ಬಂದು ಬೆಲ್ಲು ಒತ್ತುತ್ತಿದ್ದವು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ್ದ ಕಾಲ. ಕ್ಯಾಸೆಟ್ಟು ಪೂರ್ತಿ ಸತ್ತಿರಲಿಲ್ಲ, ಸಿ.ಡಿ. ಪೂರ್ತಿ ಕೈಗೆ ಬಂದಿರಲಿಲ್ಲ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಸೀನಿಯರ್ ಒಬ್ಬ ಬಿಟ್ಟುಹೋದ ಒಂದು ಚೀಲ ಕ್ಯಾಸೆಟ್ಟಿನಿಂದ ನನಗೆ ಈ ಹುಚ್ಚು ಹತ್ತಿತ್ತು. ಅಭಿಪ್ರಾಯಗಳಿಗಂತೂ ಬರವೇ ಇರಲಿಲ್ಲ. ಗಾಯಕ ಮೂಗಿನಿಂದ ಹಾಡಬಾರದು, ಹೊಟ್ಟೆಯಿಂದ ಹಾಡಬೇಕು. ಗಿಟಾರಿನವನು ಸುಮ್ಮನೆ ಬೆರಳು ಓಡಿಸಿದರೆ ಅದು ಟೈಪಿಂಗ್ ಪರೀಕ್ಷೆ, ಸಂಗೀತವಲ್ಲ. ಡ್ರಮ್ಮರ್ ಸರಿಯಿಲ್ಲದ ಬ್ಯಾಂಡು ಎರಡನೆಯ ಹಾಡಿಗೇ ಕುಸಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟುಡಿಯೋದಲ್ಲಿ ಯಾರು ಬೇಕಾದರೂ ಹಾಡಿಯಾರು, ಬ್ಯಾಂಡಿನ ಯೋಗ್ಯತೆ ಗೊತ್ತಾಗುವುದು ಲೈವ್ ಶೋನಲ್ಲಿ ಮಾತ್ರ. ಇದನ್ನೆಲ್ಲ ನಾನು ಚಹಾದ ಗಾಡಿಯ ಬಳಿ, ಕಂಪನಿ ಬಸ್ಸಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಆಫೀಸಿನವರು ನನಗೆ ‘ರಾಕ್ ಪಂಡಿತ್’ ಎಂದೇ ಹೆಸರಿಟ್ಟಿದ್ದರು.

ಪಂಡಿತನಿಗೆ ಇದ್ದದ್ದು ಒಂದೇ ಕೊರತೆ. ನಾನು ಹುಟ್ಟಿದಾಗಿನಿಂದ ಒಂದೇ ಒಂದು ಲೈವ್ ಶೋ ನೋಡಿರಲಿಲ್ಲ. ಓದುವಾಗ ಬೆಂಗಳೂರಿನಲ್ಲಿ ಶೋ ಇದ್ದರೆ ನನಗೆ ಪರೀಕ್ಷೆ ಇರುತ್ತಿತ್ತು, ಪರೀಕ್ಷೆ ಇಲ್ಲದಾಗ ಅಪ್ಪ ಇರುತ್ತಿದ್ದರು. ಹಾಗಾಗಿ ಎದೆಯೊಳಗೆ ಒಂದೇ ಆಸೆ ಉಳಿದಿತ್ತು. ನಿಜವಾದ ಬ್ಯಾಂಡೊಂದು ಎದುರಿಗೆ ನಿಂತು ಬಾರಿಸಿದರೆ, ಹಾಡಿದರೆ ಹೇಗಿರುತ್ತದೆ ಎಂದು ಒಮ್ಮೆ, ಸ್ಟೇಜಿನ ಮುಂದೆಯೇ ನಿಂತು ತಿಳಿಯಬೇಕು. ಆ ಕುತೂಹಲವೇ ನನ್ನನ್ನು ಮೂರು ಊರು ಕುಣಿಸಿತು.

೧. ಕೋತಿ ಓಡಿಸುವ ಗಾಯಕ

ಮೊದಲ ಕೆಲಸ ವಡೋದರಾದಲ್ಲಿ, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಂಪನಿಯೊಂದರಲ್ಲಿ. ಮೂರನೆಯ ಮಹಡಿಯಲ್ಲಿ ಒಂದು ಫ್ಲಾಟು ಹಿಡಿದಿದ್ದೆ. ನನ್ನ ಮೇಲೆ ತಾರಸಿ, ಕೆಳಗೆ ಮನೆ ಮಾಲೀಕರಾದ ಕಾಕಾ ಮತ್ತು ಅವರ ಹೆಂಡತಿ ಕಾಕಿ.

ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ, ನನ್ನ ಮೆಚ್ಚಿನ ಬ್ಯಾಂಡಿನ ಕ್ಯಾಸೆಟ್ಟು ಹಾಕಿ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದ್ದೆ. ಗಾಯಕ ಗಂಟಲು ಹರಿದುಕೊಳ್ಳುತ್ತಿದ್ದ. ಬೆಲ್ಲಾಯಿತು. ಬಾಗಿಲಲ್ಲಿ ಕಾಕಾ. ಇವತ್ತಿಗೆ ಈ ಮನೆಯ ಋಣ ತೀರಿತು ಅಂದುಕೊಂಡೆ. ಕಾಕಾ ಚಪ್ಪಲಿ ಬಿಟ್ಟು ಒಳಬಂದು, ಟೇಪ್‌ರೆಕಾರ್ಡರಿನ ಮುಂದೆ ಕೈಕಟ್ಟಿ ನಿಂತು, ಹಾಡು ಮುಗಿಯುವವರೆಗೆ ಕೇಳಿದರು.

“ಯಾರಪ್ಪಾ ಇವನು?”

“ಗಾಯಕ ಕಾಕಾ. ಅಮೆರಿಕದವನು.”

“ಸಿಟ್ಟು ಯಾರ ಮೇಲೆ?”

“ಇಡೀ ಲೋಕದ ಮೇಲೆ.”

ಕಾಕಾ ಸ್ವಲ್ಪ ಯೋಚಿಸಿ, “ಹೊತ್ತಿಗೆ ಸರಿಯಾಗಿ ಊಟ ಸಿಗ್ತಿಲ್ಲ ಅನ್ಸುತ್ತೆ” ಅಂದರು. ಆಮೇಲೆ ಬಂದ ಕಾರಣ ಹೇಳಿದರು. ಕಾಕಿ ತಾರಸಿಯಲ್ಲಿ ಹಪ್ಪಳ ಒಣಹಾಕಿದ್ದರಂತೆ. ಕಪ್ಪು ಮುಖದ, ಉದ್ದ ಬಾಲದ ಕೋತಿಗಳ ಒಂದು ದಂಡೇ ಬಂದು ಕೂತಿತ್ತಂತೆ. ಕೋಲಿಗೆ ಹೆದರಲಿಲ್ಲ, ಪಟಾಕಿಗೆ ಹೆದರಲಿಲ್ಲ, ನನ್ನ ಗಾಯಕ ಬಾಯಿ ತೆರೆದದ್ದೇ ತಡ, ಪಕ್ಕದ ಬೇವಿನ ಮರಕ್ಕೆ ಹಾರಿ ಕಾಣೆಯಾದವಂತೆ.

ಅಂದಿನಿಂದ ಕಾಕಿ ನನ್ನ ಮನೆಯ ಇನ್ನೊಂದು ಕೀಲಿ ತಮ್ಮಲ್ಲೇ ಇಟ್ಟುಕೊಂಡರು. ನಾನು ಆಫೀಸಿಗೆ ಹೋದ ಮೇಲೆ, ಬಿಸಿಲೇರುವ ಹೊತ್ತಿಗೆ ಅವರೇ ಬಂದು ಕ್ಯಾಸೆಟ್ಟು ಹಾಕುತ್ತಿದ್ದರು. ಒಂದು ಸಂಜೆ ನನ್ನನ್ನು ಮೆಟ್ಟಿಲಲ್ಲೇ ಹಿಡಿದರು.

“ಕ್ಯಾಸೆಟ್ಟಿನ ಈ ಕಡೆಯ ಹಾಡುಗಳು ಬಹಳ ಒಳ್ಳೇವು ಬೇಟಾ. ಆ ಕಡೆ ಕೊನೇ ಹಾಡು ಮಾತ್ರ ಏನೂ ಪ್ರಯೋಜನ ಇಲ್ಲ. ಅಷ್ಟೂ ಕೋತಿ ವಾಪಸ್ ಬಂದು, ಸಾಲಾಗಿ ಕೂತು, ಹಪ್ಪಳ ತಿಂತಾ ಕೇಳಿದವು.”

ಅದು ಆ ಬ್ಯಾಂಡು ಹಾಡಿದ್ದ ಒಂದೇ ಒಂದು ನಿಧಾನದ ಪ್ರೇಮಗೀತೆ. ಆ ಹಾಡು ಸಪ್ಪೆ, ಅವರ ಜಾಯಮಾನಕ್ಕೆ ಹೊಂದುವುದಿಲ್ಲ ಎಂದು ನಾನು ಕಾಲೇಜಿನಿಂದಲೂ ವಾದಿಸುತ್ತ ಬಂದಿದ್ದೆ. ನನ್ನ ಅಭಿಪ್ರಾಯವನ್ನು ಇಷ್ಟು ಸ್ಪಷ್ಟವಾಗಿ ಎತ್ತಿಹಿಡಿದವರು ಅದುವರೆಗೆ ಯಾರೂ ಇರಲಿಲ್ಲ.

ಹಿಂದೆ ನಿಂತಿದ್ದ ಕಾಕಾ ಕುತೂಹಲದಿಂದ ಕೇಳಿದರು, “ಇವನು ಎದುರಿಗೆ ನಿಂತು ಹಾಡಿದ್ರೂ ಹೀಗೇ ಇರುತ್ತಾ?”

ನನಗೆ ಗೊತ್ತಿದ್ದರೆ ತಾನೆ? ಆದರೂ ಪಂಡಿತನಲ್ಲವೇ, “ಇದರ ಹತ್ತುಪಟ್ಟು ಇರುತ್ತೆ ಕಾಕಾ” ಅಂದುಬಿಟ್ಟೆ.

“ಹಾಗಾದ್ರೆ ಅವನನ್ನೇ ಒಂದ್ಸಲ ಕರೆಸೋಕೆ ಏನು ಬೀಳುತ್ತೆ ವಿಚಾರಿಸು” ಅಂದರು ಕಾಕಾ. “ಪಕ್ಕದ ಬಿಲ್ಡಿಂಗಿನವರಿಗೂ ಕೋತಿ ಕಾಟ ಇದೆ, ಪಾಲು ಹಾಕ್ತಾರೆ.”

೨. ಹರಿದ ಗಿಟಾರು

ಕಾಕಾ ಕೇಳಿದ ಪ್ರಶ್ನೆ ನನ್ನ ನಿದ್ದೆ ಕೆಡಿಸಿತ್ತು. ಅಷ್ಟರಲ್ಲಿ ವಡೋದರಾದ ಕಾಲೇಜೊಂದರ ಹಬ್ಬದಲ್ಲಿ ರಾಕ್ ಶೋ ಇದೆ ಎಂಬ ಸುದ್ದಿ ಬಂತು. ಅಲ್ಲಿನ ಹುಡುಗರದೇ ಬ್ಯಾಂಡು. ಇರಲಿ, ಲೈವ್ ಅಂದರೆ ಲೈವ್. ಆಫೀಸಿಗೆ ಹೊಟ್ಟೆನೋವು ಅಂತ ಹೇಳಿ ಹೋದೆ, ಮೊದಲ ಸಾಲಿನಲ್ಲೇ ಜಾಗ ಹಿಡಿದೆ.

ಸೌಂಡ್ ಸಿಸ್ಟಮ್ಮಿನವನು ನವರಾತ್ರಿಯ ಗರ್ಬಾಕ್ಕೆ ಸ್ಪೀಕರು ಕೊಡುವ ಮನುಷ್ಯ. ದಪ್ಪ ಮೀಸೆ, ಕಿವಿಯ ಮೇಲೊಂದು ಸ್ಕ್ರೂಡ್ರೈವರ್. ಇಡೀ ಊರಿನ ಮದುವೆ, ಭಜನೆ, ಭಾಷಣ ಎಲ್ಲ ಇವನ ಸ್ಪೀಕರಿನಿಂದಲೇ ಬಂದದ್ದು. ಸ್ವರ ಹಾಲಿನ ಹಾಗಿರಬೇಕು, ಅದು ಅವನ ಹೆಮ್ಮೆ.

ಗಿಟಾರಿನ ಹುಡುಗ ತಂತಿಯ ಮೇಲೆ ಕೈ ಬೀಸಿದ. ಘರ್ರ್ ಎಂದು ಎದೆ ನಡುಗಿಸುವ ಸದ್ದು. ನನ್ನ ಮೈ ಜುಂ ಅಂತು. ಅಷ್ಟೇ, ಸದ್ದು ಕಟ್.

ಸೌಂಡಿನವನು ಸ್ಟೇಜ್ ಹತ್ತಿ, “ಆವಾಜ್ ಫಟ್ ರಹಾ ಹೈ” ಎಂದು ಘೋಷಿಸಿದ. ಸ್ವರ ಹರಿಯುತ್ತಿದೆ, ಎಲ್ಲೋ ಸ್ಪೀಕರ್ ಕೆಟ್ಟಿದೆ ಎಂದು ಅರ್ಥ. ವೈರು ಬದಲಾಯಿಸಿದ, ಇಳಿದ. ಹುಡುಗ ಮತ್ತೆ ಬೀಸಿದ. ಘರ್ರ್. ಮತ್ತೆ ಕಟ್. ಈ ಸಲ ಸ್ಪೀಕರಿನ ಹಿಂಬದಿ ಬಿಚ್ಚಿದ. ಮೂರನೆಯ ಸಲ ಅವನ ಮೂವರು ಸಹಾಯಕರೂ ಮೇಲೆ ಹತ್ತಿದರು. ಸ್ಟೇಜಿನ ಮೇಲೆ ಬ್ಯಾಂಡಿನವರಿಗಿಂತ ರಿಪೇರಿಯವರೇ ಜಾಸ್ತಿಯಾದರು. ಪ್ರೇಕ್ಷಕರಿಗೆ ಅದೇ ಒಂದು ಆಟವಾಗಿ, ಪ್ರತಿ ಸ್ಕ್ರೂ ಬಿಚ್ಚಿದಾಗಲೂ ಶಿಳ್ಳೆ ಹೊಡೆಯತೊಡಗಿದರು.

ಕೊನೆಗೆ ಅವನ ಕಣ್ಣು ಗಿಟಾರಿನ ಹುಡುಗನ ಕಾಲಿನ ಬಳಿಯಿದ್ದ ಸಣ್ಣ ಡಬ್ಬಿಯ ಮೇಲೆ ಬಿತ್ತು. ಆ ಘರ್ರ್ ಸದ್ದನ್ನು ಹೊರಡಿಸುತ್ತಿದ್ದದ್ದೇ ಆ ಡಬ್ಬಿ. ಅದನ್ನು ಕಿತ್ತು ಪಕ್ಕಕ್ಕಿಟ್ಟು, ವೈರನ್ನು ನೇರವಾಗಿ ತನ್ನ ಯಂತ್ರಕ್ಕೆ ಸಿಕ್ಕಿಸಿ, ಮೇಲೆ ಒಂದಿಷ್ಟು ಎಕೋ ಕೂಡ ಸೇರಿಸಿದ. ಗಿಟಾರು ಈಗ ಗುಡಿಯ ಭಜನೆಯಲ್ಲಿ ನುಡಿಸುವ ಮ್ಯಾಂಡೊಲಿನ್ನಿನ ಹಾಗೆ ಟಿಂಗ್ ಟಿಂಗ್ ಅಂತು. ಜನ ಎದ್ದು ನಿಂತು ಸೌಂಡಿನವನಿಗೆ ಚಪ್ಪಾಳೆ ತಟ್ಟಿದರು. ಅವನು ಕೈಮುಗಿದ.

ಹುಡುಗ ಅಳುವುದೊಂದು ಬಾಕಿ. “ಅಂಕಲ್, ಅದು ಹರೀಬೇಕು! ಆ ಸದ್ದು ಬರಲಿ ಅಂತಾನೇ ವರ್ಷಗಟ್ಟಲೆ ಒದ್ದಾಡಿದೀನಿ!”

ಸೌಂಡಿನವನು ಅವನ ಹೆಗಲ ಮೇಲೆ ಕೈಯಿಟ್ಟು, ನಿಜವಾದ ಕನಿಕರದಿಂದ ಹೇಳಿದ, “ವರ್ಷಗಟ್ಟಲೆಯಿಂದ ಕೆಟ್ಟಿದೆಯಾ? ಮೊದಲೇ ಯಾರಿಗಾದ್ರೂ ತೋರಿಸಬಾರದಿತ್ತಾ ಬೇಟಾ?”

೩. ಸೂರತ್ತಿನ ಆತಿಥ್ಯ

ಆಮೇಲೆ ಕಂಪನಿ ನನ್ನನ್ನು ಸೂರತ್ತಿಗೆ ಕಳಿಸಿತು. ಸೀರೆಗೆ ಬಣ್ಣ ಹಾಕುವ ಮಿಲ್ಲುಗಳಿಗೆ ಹೋಗಿ ನಮ್ಮ ಬಣ್ಣ ಮಾರುವ ಕೆಲಸ. ವರಾಛಾದಲ್ಲಿ, ವಜ್ರ ಸಾಣೆ ಹಿಡಿಯುವ ಕಾರ್ಖಾನೆಯೊಂದರ ಮೇಲೆ ರೂಮು. ಕೆಳಗೆ ಸಾಣೆಯ ಚಕ್ರಗಳು ದಿನವಿಡೀ ಗುಂಯ್‌ಗುಡುತ್ತಿದ್ದವು. ನಾನು ಎಷ್ಟು ಜೋರಾಗಿ ಹಾಡು ಹಾಕಿದರೂ ಕೇಳುವವರಿರಲಿಲ್ಲ. ರಾಕ್ ಅಭಿಮಾನಿಗೆ ಇದಕ್ಕಿಂತ ಒಳ್ಳೆಯ ನೆರೆಹೊರೆ ಸಿಗಲಾರದು, ಆದರೆ ಒಬ್ಬರಾದರೂ ಬೈಯದಿದ್ದರೆ ಆ ಸಂಗೀತಕ್ಕೆ ರುಚಿಯೂ ಇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿಯೇ.

ಒಂದು ಚಳಿಗಾಲ, ನನ್ನ ಗಿರಾಕಿಯಾಗಿದ್ದ ಮಿಲ್ಲಿನ ಸೇಠರೊಬ್ಬರು ತಮ್ಮ ಊರಾಚೆಯ ತೋಟದಲ್ಲಿ ಮುಂಬಯಿಯ ರಾಕ್ ಬ್ಯಾಂಡೊಂದನ್ನು ಕರೆಸಿದರು. ಮಗನ ಆಸೆಯಂತೆ. ನನ್ನ ಪಾಂಡಿತ್ಯದ ಕೀರ್ತಿ ಅವರಿಗೂ ಮುಟ್ಟಿತ್ತು. “ನೀವು ಬರಲೇಬೇಕು ಭಾಯ್, ಬ್ಯಾಂಡಿನವರ ಜೊತೆ ಕೂರಬೇಕು” ಅಂದರು. ಸಂಜೆಗೆ ಕರೆದರೆ ನಾನು ಮಧ್ಯಾಹ್ನವೇ ಹೋದೆ.

ಬ್ಯಾಂಡಿನವರು ನೋಡಲು ಭಯಂಕರವಾಗಿದ್ದರು. ಸೊಂಟದವರೆಗೆ ಕೂದಲು, ಕೈತುಂಬ ಹಚ್ಚೆ, ಅಂಗಿಯ ಮೇಲೆ ತಲೆಬುರುಡೆ. ಡ್ರಮ್ಮರ್ ನನ್ನನ್ನು ಪಕ್ಕಕ್ಕೆ ಕರೆದು, ಕುಡಿಯಲು ಏನಾದರೂ ವ್ಯವಸ್ಥೆ ಇದೆಯಾ ಅಂತ ಕಣ್ಣು ಮಿಟುಕಿಸಿದ. ಗುಜರಾತಿನಲ್ಲಿ ಅದಕ್ಕೆ ನಿಷೇಧ ಎಂಬುದು ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಆಸೆಯೋ. ನಾನು ಸೇಠರಿಗೆ ತಿಳಿಸಿದೆ. ಸೇಠರು ದೊಡ್ಡ ಕೊಳಗದ ತುಂಬ ಜೀರಿಗೆ ಹಾಕಿದ ಮಜ್ಜಿಗೆ ಕಳಿಸಿದರು.

ಆಮೇಲೆ ಪೋಂಕ್ ಬಂತು. ಪೋಂಕ್ ಅಂದರೆ ಎಳೆ ಜೋಳದ ತೆನೆ ಸುಟ್ಟು ಬಡಿದು ತೆಗೆದ ಹಸಿರು ಕಾಳು, ನಮ್ಮ ಕಡೆಯ ಸೀತನಿ. ಸೂರತ್ತಿನಲ್ಲಿ ಅದರ ಜೊತೆಗೆ ಮೆಣಸಿನ ಸೇವು, ನಿಂಬೆ, ಸಕ್ಕರೆ ಕಾಳು, ಪೋಂಕಿನದೇ ವಡೆ. ಬೆಂಕಿಯ ಸುತ್ತ ಹಾಸಿದ ಜಮಖಾನದ ಮೇಲೆ ತಲೆಬುರುಡೆಯ ಅಂಗಿಯವರು ಚಕ್ಕಳಮಕ್ಕಳ ಹಾಕಿ ಕೂತರು. ಒಬ್ಬರು ಬಡಿಸಿ ಹೋದರೆ ಇನ್ನೊಬ್ಬರು ಬರುತ್ತಿದ್ದರು. ಸಾಕು ಅಂದರೆ ಸೇಠರ ತಾಯಿಗೆ ಬೇಸರವಾಗುತ್ತಿತ್ತು. ಪೋಂಕ್ ಆಯಿತು ಅನ್ನುವಷ್ಟರಲ್ಲಿ ಊಂಧಿಯು ಎಂಬ ಬಗೆಬಗೆ ತರಕಾರಿಯ ಪಲ್ಯ, ಊಂಧಿಯು ಆಯಿತು ಅನ್ನುವಷ್ಟರಲ್ಲಿ ಜಿಲೇಬಿ. ನಾನೂ ಹಿಂದೆ ಬೀಳಲಿಲ್ಲ. ಮನೆ ಬಿಟ್ಟು ಬಂದ ಮೇಲೆ ಸೀತನಿ ತಿಂದದ್ದು ಅದೇ ಮೊದಲು.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಡ್ರಮ್ಮರ್ ಡ್ರಮ್ಮಿಗೇ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದ. ಗಾಯಕ ಮೈಕ್ ಹಿಡಿದು, ಕಾಲು ಅಗಲಿಸಿ, ಹೊಟ್ಟೆಯಾಳದಿಂದ ಒಂದು ಕೂಗು ಎಳೆಯಲು ಹೋದ. ಹೊಟ್ಟೆಯಾಳದಿಂದ ಬಂದದ್ದು ಬರೀ ತೇಗು. ಅದೂ ಮೈಕಿನಲ್ಲಿ, ಇಡೀ ತೋಟಕ್ಕೆ ಕೇಳುವ ಹಾಗೆ. ಹೊಟ್ಟೆಯಿಂದ ಹಾಡಬೇಕು ಎಂಬ ನನ್ನ ಸಿದ್ಧಾಂತದಲ್ಲಿ ಹೊಟ್ಟೆ ಖಾಲಿಯಿರಬೇಕು ಎಂಬ ಒಂದು ಮಾತು ಸೇರಿಸಬೇಕಿತ್ತು ಎಂದು ಆಗ ಹೊಳೆಯಿತು.

ಶೋ ರದ್ದಾಯಿತು. ನಾನು ಮುಖ ಸಣ್ಣ ಮಾಡಿಕೊಂಡು ಕೂತದ್ದನ್ನು ನೋಡಿ ಸೇಠರು ಬಂದು ಸಮಾಧಾನ ಮಾಡಿದರು.

“ಯಾಕೆ ಬೇಜಾರು ಭಾಯ್? ಹಾಡು ನಾಳೆನೂ ಹಾಡಬಹುದು. ಪೋಂಕ್ ನಾಳೆಗೆ ಗಟ್ಟಿಯಾಗುತ್ತೆ.”

೪. ಮೊದಲ ಬಹುಮಾನ

ಅಹಮದಾಬಾದಿಗೆ ವರ್ಗವಾದಾಗ ಚಾಂದ್‌ಖೇಡಾದಲ್ಲಿ ಮನೆ ಮಾಡಿದೆ. ಅಲ್ಲಿ ಬ್ಯಾಂಕು, ರೈಲ್ವೆ, ವಿಮೆ ಅಂತ ವರ್ಗವಾಗಿ ಬಂದ ಕನ್ನಡದ ಕುಟುಂಬಗಳು ಒಂದಷ್ಟು ಇದ್ದವು. ರಾಜ್ಯೋತ್ಸವಕ್ಕೆ ಮಕ್ಕಳ ಗಾಯನ ಸ್ಪರ್ಧೆ ಇಟ್ಟರು. ನಾನು ಸಂಗೀತದಲ್ಲಿ ಪಂಡಿತ ಎಂದು ಯಾರೋ ಹೇಳಿದ್ದರಿಂದ, ಯಾವ ಸಂಗೀತದಲ್ಲಿ ಎಂದು ವಿಚಾರಿಸದೆ, ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದರು.

ಮಕ್ಕಳು ಒಬ್ಬೊಬ್ಬರೇ ಬಂದು ಕೈಕಟ್ಟಿ ನಿಂತು, ಗೋಡೆ ಗಡಿಯಾರ ನೋಡುತ್ತ ಹಾಡಿದರು. ಗುಜರಾತಿನಲ್ಲೇ ಹುಟ್ಟಿ ಬೆಳೆದ ಮಕ್ಕಳು. ಮನೆಯಲ್ಲಿ ಹಿಂದಿ, ಹೊರಗೆ ಗುಜರಾತಿ, ಹಾಡುವುದಕ್ಕೆ ಮಾತ್ರ ಕನ್ನಡ. ಎಲ್ಲರೂ ಅಚ್ಚುಕಟ್ಟು, ಎಲ್ಲರೂ ಸಪ್ಪೆ. ಎದುರಿಗೆ ಜನರಿದ್ದಾರೆ ಎಂಬ ಅರಿವೇ ಇಲ್ಲ. ಲೈವ್ ಅಂದರೆ ಹೀಗಾ ಎಂದು ನಾನು ಆಕಳಿಸುತ್ತಿದ್ದೆ.

ಆಗ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಬಂದಳು. ಪಲ್ಲವಿ ಹಾಡಿದಳು, ಒಂದು ಚರಣ ಹಾಡಿದಳು. ಆಮೇಲೆ ನಿಂತಳು. ಸಭೆಯನ್ನು ದಿಟ್ಟಿಸಿ ನೋಡಿದಳು. ಆಹಾ, ಎಂಥ ಮೌನ! ಆಮೇಲೆ ಎರಡೂ ಮುಷ್ಟಿ ಬಿಗಿದು, ಕಣ್ಣು ಮುಚ್ಚಿ, ಹೊಟ್ಟೆಯೊಳಗಿನಿಂದ “ಅಮ್ಮಾ...” ಎಂದು ಒಂದೇ ಉಸಿರಿಗೆ ಎಳೆದಳು ನೋಡಿ. ಕಿಟಕಿಯ ಗಾಜು ನಡುಗಿತು. ಅಂಥ ಕೂಗಿಗಾಗಿ ದೊಡ್ಡ ದೊಡ್ಡ ಗಾಯಕರು ಒದ್ದಾಡಿದ್ದನ್ನು ನಾನು ಕ್ಯಾಸೆಟ್ಟಿನಲ್ಲಿ ಕೇಳಿದ್ದೆ. ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮೊದಲ ಬಹುಮಾನ ಅವಳಿಗೇ. “ಎದುರಿಗಿರುವವರ ಎದೆಗೆ ನಾಟುವ ಹಾಗೆ ಹಾಡುವುದು ಅಂದರೆ ಇದು” ಎಂದು ಉದ್ದನೆಯ ಭಾಷಣವನ್ನೂ ಮಾಡಿದೆ.

ಕಾರ್ಯಕ್ರಮ ಮುಗಿದ ಮೇಲೆ ಅವಳ ತಾಯಿ ಹಿಂಜರಿಯುತ್ತ ಬಂದರು.

“ಸಾರ್, ತಪ್ಪು ತಿಳ್ಕೋಬೇಡಿ. ಎರಡನೇ ಚರಣ ಮರೆತುಹೋಗಿ ಅವಳು ನನ್ನ ಕರೆದಿದ್ದು.”

ನಾನು ಬೆವರೊರೆಸಿಕೊಂಡು, “ಇರಲಿ ಬಿಡಿ ಅಮ್ಮಾ, ಕರೆದಿದ್ದಾದ್ರೂ ಭಾವ ತುಂಬಿ ಕರೆದಳಲ್ಲ” ಅಂದೆ.

ತಿಂಗಳಾದ ಮೇಲೆ ಅದೇ ತಾಯಿ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕರು. ಮುಖ ಬಾಡಿತ್ತು. “ಈಗ ಮಗ್ಗಿ ಮರೆತ್ರೂ ಹಾಗೇ ಕೂಗ್ತಾಳೆ ಸಾರ್, ಪೆನ್ಸಿಲ್ ಮರೆತ್ರೂ ಹಾಗೇ ಕೂಗ್ತಾಳೆ. ಬೈದ್ರೆ, ನಿಂಗೆ ಸಂಗೀತ ಗೊತ್ತಿಲ್ಲ ಸುಮ್ನಿರು ಅಂತಾಳೆ.”

೫. ದೊಡ್ಡ ಗಾಯಕನ ಎಂಟ್ರಿ

ಇನ್ನು ಕೊನೆಯದು. ನೆನಪಾದರೆ ನಾನು ಒಬ್ಬನೇ ಇದ್ದರೂ ಸುತ್ತ ನೋಡಿಕೊಳ್ಳುತ್ತೇನೆ.

ಬೆಂಗಳೂರಿನ ಬ್ಯಾಂಡೊಂದು ಅಹಮದಾಬಾದಿಗೆ ಬರುತ್ತದೆ ಎಂದು ಗೊತ್ತಾಯಿತು. ನಾನು ಕ್ಯಾಸೆಟ್ಟು ಸವೆಯುವಷ್ಟು ಕೇಳಿದ್ದ ಬ್ಯಾಂಡು. ಹೆದ್ದಾರಿಯ ಬಳಿಯ ಪಾರ್ಟಿ ಪ್ಲಾಟಿನಲ್ಲಿ ಶೋ. ಪಾರ್ಟಿ ಪ್ಲಾಟ್ ಅಂದರೆ ಮದುವೆ, ನಿಶ್ಚಿತಾರ್ಥಗಳಿಗೆ ಬಾಡಿಗೆಗೆ ಕೊಡುವ ಹುಲ್ಲುಹಾಸಿನ ಬಯಲು. ಪಾಸಿಗಾಗಿ ಓಡಾಡುತ್ತಿದ್ದದ್ದು ನನ್ನ ಮ್ಯಾನೇಜರರ ಕಿವಿಗೆ ಬಿತ್ತು. ಗುಜರಾತಿ ಮನುಷ್ಯ, ಎಲ್ಲವನ್ನೂ ತಿಳಿದುಕೊಳ್ಳಬೇಕೆಂಬ ಆಸೆ.

“ಪಂಡಿತ್‌ಜಿ, ದಿನಾ ಹೇಳ್ತೀರಲ್ಲ ಲೈವ್ ಲೈವ್ ಅಂತ. ನಮಗೂ ತೋರಿಸಿ. ನನ್ನ ಹೆಂಡತಿಗೂ ಬಹಳ ಕುತೂಹಲ. ನವರಾತ್ರಿಯಲ್ಲಿ ಗರ್ಬಾ ಹಾಡ್ತಾಳೆ ಅವಳು. ನೀವು ಪಕ್ಕದಲ್ಲಿದ್ದು ಎಲ್ಲ ವಿವರಿಸಬೇಕು.”

ನಾನೇ ಒಂದು ಶೋವನ್ನೂ ಪೂರ್ತಿ ನೋಡಿದವನಲ್ಲ, ವಿವರಿಸುವುದು ಏನನ್ನು? ಆದರೆ ಇಷ್ಟು ವರ್ಷ ಕಟ್ಟಿಕೊಂಡ ಕೀರ್ತಿ ಒಂದೇ ಸಂಜೆಗೆ ಮಣ್ಣುಪಾಲಾಗಬಾರದಲ್ಲ. “ಅದಕ್ಕೇನು ಸಾಹೇಬ್” ಅಂದೆ.

ಅವತ್ತು ಕಪ್ಪು ಟೀ ಶರ್ಟಿಗೆ ಇಸ್ತ್ರಿ ಹಾಕಿಸಿದ್ದೆ. ರಾಕ್ ಶೋಗೆ ಇಸ್ತ್ರಿ ಹಾಕಿಕೊಂಡು ಹೋಗುವುದಿಲ್ಲ ಎಂಬುದೂ ನನಗೆ ಗೊತ್ತಿರಲಿಲ್ಲ. ಸಾಹೇಬರ ಕಾರಿನಲ್ಲಿ ಮೂವರೂ ಹೋದೆವು. ದೀಪಗಳಿಂದ ಝಗಝಗಿಸುವ ದೊಡ್ಡ ಕಮಾನು ಕಂಡಿತು, ಒಳಗಿನಿಂದ ಡ್ರಮ್ಮಿನ ಸದ್ದು ಬರುತ್ತಿತ್ತು. “ಇದೇ!” ಅಂದೆ.

ಬಾಗಿಲಲ್ಲಿ ರೇಷ್ಮೆಯುಟ್ಟ ಹುಡುಗಿಯರು ನಮ್ಮ ಮೇಲೆ ಪನ್ನೀರು ಚಿಮುಕಿಸಿ, ಒಂದೊಂದು ಗುಲಾಬಿ ಕೊಟ್ಟರು.

ಸಾಹೇಬರು ಬೆರಗಾಗಿ ಕೇಳಿದರು, “ರಾಕ್‌ನಲ್ಲಿ ಪನ್ನೀರೂ ಹಾಕ್ತಾರಾ?”

“ದೊಡ್ಡ ಬ್ಯಾಂಡುಗಳು ಅಭಿಮಾನಿಗಳನ್ನ ಹೀಗೇ ಬರಮಾಡಿಕೊಳ್ಳೋದು.”

“ಪಾಸ್ ಯಾರೂ ಕೇಳಲೇ ಇಲ್ಲ?”

“ರಾಕ್ ಅಂದ್ರೆ ಸ್ವಾತಂತ್ರ್ಯ ಸಾಹೇಬ್.”

ಸ್ಟೇಜಿನ ಮೇಲೆ ಡ್ರಮ್ಮು, ಎರಡು ಗಿಟಾರು, ಬಿಳಿ ಹೊಗೆ, ಎಲ್ಲವೂ ಇದ್ದವು. ಆದರೆ ನುಡಿಸುತ್ತಿದ್ದದ್ದು ಹಿಂದಿ ಸಿನಿಮಾದ ಹಾಡು. ಬೆನ್, ಅಂದರೆ ಸಾಹೇಬರ ಹೆಂಡತಿ, “ಇದನ್ನ ನನ್ನ ತಂಗಿ ಮದುವೇಲೂ ನುಡಿಸಿದ್ರು” ಅಂದರು. ಅದು ವಾರ್ಮ್ ಅಪ್, ಊರಿನ ಜನರನ್ನು ಒಲಿಸಿಕೊಳ್ಳಲು ಮೊದಲು ಊರಿನ ಹಾಡು ನುಡಿಸುತ್ತಾರೆ ಎಂದು ವಿವರಿಸಿದೆ. ಜನರೆಲ್ಲ ಇಷ್ಟು ಒಡವೆ ಹಾಕಿಕೊಂಡು ಬಂದಿದ್ದಾರಲ್ಲ ಎಂದು ಕೇಳಿದರು. ಅಹಮದಾಬಾದಿನ ರಾಕ್ ಅಭಿಮಾನಿಗಳು ಅನುಕೂಲಸ್ಥರು ಅಂದೆ. ಒಳಗೊಳಗೆ ನನಗೂ ಏನೋ ಸರಿಯಿಲ್ಲ ಅನಿಸುತ್ತಲೇ ಇತ್ತು. ಆದರೆ ಹೋಲಿಸಿ ನೋಡಲು ನಾನು ಇನ್ನೊಂದು ಶೋ ಪೂರ್ತಿ ನೋಡಿದ್ದರೆ ತಾನೆ?

ಇದ್ದಕ್ಕಿದ್ದ ಹಾಗೆ ಪಟಾಕಿ ಸಿಡಿಯಿತು. ಎಲ್ಲರೂ ಬಾಗಿಲ ಕಡೆ ಓಡಿದರು. ಬಿಳಿ ಕುದುರೆಯ ಮೇಲೆ, ಮುಖದ ತುಂಬ ಹೂವಿನ ಪರದೆ ಇಳಿಬಿಟ್ಟುಕೊಂಡ ಒಬ್ಬಾತ, ಸುತ್ತ ಕುಣಿಯುವ ಜನರ ನಡುವೆ ಒಳಗೆ ಬರುತ್ತಿದ್ದ.

“ಇವನೂ ಬ್ಯಾಂಡಿನವನಾ?” ಅಂದರು ಬೆನ್.

ಕುದುರೆ ಕಂಡಾಗಲೇ ನನಗೆ ಅರ್ಧ ಅರ್ಥವಾಗಿತ್ತು. ಆದರೆ ಅಷ್ಟು ಹೊತ್ತಿಗೆ ನನ್ನ ಬಾಯಿ ಬಹಳ ದೂರ ಹೋಗಿಬಿಟ್ಟಿತ್ತು, ವಾಪಸು ಕರೆಯುವ ದಾರಿ ಕಾಣಲಿಲ್ಲ. “ಮುಖ್ಯ ಗಾಯಕ ಇರಬೇಕು. ಮುಖ ಮುಚ್ಚಿಕೊಂಡೇ ಹಾಡೋ ಬ್ಯಾಂಡುಗಳಿವೆ. ದೊಡ್ಡ ಗಾಯಕರು ಸುಮ್ಮನೆ ನಡ್ಕೊಂಡು ಬರೋದಿಲ್ಲ. ಒಬ್ಬರು ಬೈಕಿನಲ್ಲಿ, ಒಬ್ಬರು ಹಗ್ಗದಲ್ಲಿ, ಒಬ್ಬರು ಕುದುರೆ ಮೇಲೆ. ಲೈವ್ ಪರ್ಫಾರ್ಮೆನ್ಸಿನಲ್ಲಿ ಅರ್ಧದಷ್ಟು ಮಾರ್ಕು ಎಂಟ್ರಿಗೇ ಇರೋದು” ಅಂದೆ. ಬೆನ್ ಇದನ್ನು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡರು.

ಗಾಯಕ ಕುದುರೆಯಿಂದ ಇಳಿದ. ಆರತಿ ತಟ್ಟೆ ಹಿಡಿದ ಹೆಂಗಸೊಬ್ಬರು ಮುಂದೆ ಬಂದು, ತಿಲಕವಿಟ್ಟು, ಎಲ್ಲರೆದುರಿಗೆ ಅವನ ಮೂಗು ಹಿಡಿದು ಎಳೆದರು. ಜನ ಹೋ ಎಂದು ನಕ್ಕರು. ಬಾಗಿಲಿಗೆ ಬಂದ ಅಳಿಯನ ಮೂಗು ಹಿಡಿಯುವುದು ಇಲ್ಲಿನ ಅತ್ತೆಯಂದಿರ ಪದ್ಧತಿ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದು ನೆನಪಾಯಿತು. ನನ್ನ ಪಾಂಡಿತ್ಯದಲ್ಲಿ ಎಷ್ಟು ತಡಕಿದರೂ ಮೂಗಿಗೆ ಉತ್ತರ ಸಿಗಲಿಲ್ಲ.

ಸರಿಯಾಗಿ ಆಗಲೇ, ಕಾಂಪೌಂಡಿನ ಆಚೆಯಿಂದ ಘರ್ರ್ ಎಂಬ ಸದ್ದು ಬಂತು. ಗಿಟಾರು! ಪಕ್ಕದಲ್ಲೇ ಇಂಥದೇ ಇನ್ನೊಂದು ಪಾರ್ಟಿ ಪ್ಲಾಟು ಇತ್ತು, ಮಂಕು ದೀಪದ್ದು. ನಾನು ಅತ್ತ ಓಡಿದೆ. ಹಿಂದೆ ಸಾಹೇಬರು, ಅವರ ಹಿಂದೆ ಐಸ್‌ಕ್ರೀಮಿನ ಕಪ್ಪು ಹಿಡಿದ ಬೆನ್.

ಸಾಹೇಬರು ಏದುಸಿರು ಬಿಡುತ್ತ, “ಗೇಟಿನಲ್ಲೇ ನಮಗೆ ಗೊತ್ತಾಯ್ತು ಪಂಡಿತ್‌ಜಿ, ಇದು ಮದುವೆ ಅಂತ” ಅಂದರು.

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ತಿಳಿದವರು. ರಾಕ್ ಅಂದ್ರೆ ಮದುವೆಗಳಲ್ಲೇ ಮಾಡೋದೇನೋ ಅಂದ್ಕೊಂಡೆವು.”

ಈ ಗೇಟಿನಲ್ಲಿ ಪಾಸು ಕೇಳಿದರು. ಒಳಗೆ ಜನ ಬಹಳ ಕಡಿಮೆ. ಶೋ ಮುಗಿಯುತ್ತ ಬಂದಿತ್ತು, ಕೊನೆಯ ಎರಡು ಹಾಡು ಉಳಿದಿದ್ದವಂತೆ. ಸ್ಟೇಜಿನವರೆಗೆ ನಡೆದುಹೋಗಿ, ಕಟಕಟೆ ಹಿಡಿದು ನಿಂತೆ. ಡ್ರಮ್ಮಿನ ಪೆಟ್ಟು ಕಿವಿಗಲ್ಲ, ನೇರ ಪಕ್ಕೆಲುಬಿಗೆ ಬಿತ್ತು. ಗಾಯಕ ಎರಡು ಕಡೆ ಶ್ರುತಿ ತಪ್ಪಿದ, ಒಂದು ಸಾಲು ಮರೆತ, ಮೂಗಿನಿಂದಲೂ ಹಾಡಿದ. ನನ್ನ ಅಷ್ಟೂ ನಿಯಮ ಮುರಿದ. ಕ್ಯಾಸೆಟ್ಟಿನಲ್ಲಿ ಸಿಟ್ಟು ಕಾರುತ್ತಿದ್ದ ಅದೇ ಹಾಡನ್ನು ಅವನು ಇಲ್ಲಿ ನಗುನಗುತ್ತ ಹಾಡುತ್ತಿದ್ದ. ಹಾಡುವಾಗ ಅವನಿಗೆ ಇಷ್ಟು ಖುಷಿಯಾಗುತ್ತದೆ ಎಂದು ನನಗೆ ಯಾವ ಕ್ಯಾಸೆಟ್ಟೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಹೇಳಲು ನನಗೇನೂ ನಾಚಿಕೆಯಿಲ್ಲ. ಸಾಹೇಬರು ಏನೋ ಕೇಳಿದರು, ನನಗೆ ಉತ್ತರ ಕೊಡಬೇಕು ಅನಿಸಲಿಲ್ಲ. ಬೆನ್ ತಾವೇ ಹೇಳಿದರು, “ಹುಡುಗ ಶ್ರುತಿ ಜಾರಿದ್ರೂ ಬೀಳಲಿಲ್ಲ, ಮತ್ತೆ ಹಿಡ್ಕೊಂಡ.” ಆ ಸಂಜೆಯ ಸರಿಯಾದ ವಿಮರ್ಶೆ ಅದೊಂದೇ.

ಶೋ ಮುಗಿದ ಮೇಲೆ ಗಾಯಕ ಸ್ಟೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು, ಕುತ್ತಿಗೆಗೆ ಟವೆಲು ಹಾಕಿಕೊಂಡು ನೀರು ಕುಡಿಯುತ್ತಿದ್ದ. ನಾನು ಹತ್ತಿರ ಹೋಗಿ ಕನ್ನಡದಲ್ಲಿ ಮಾತಾಡಿಸಿದೆ. ಅವನಿಗೆ ಊರಿನವರು ಸಿಕ್ಕ ಸಂತೋಷ. ಅಷ್ಟರಲ್ಲಿ ಬೆನ್ ಮುಂದೆ ಬಂದು, ಅವನ ಹಿಂದೆ ಮುಂದೆ ಎಲ್ಲ ಹುಡುಕಿ ನೋಡಿ, ಗುಜರಾತಿಯಲ್ಲಿ ಏನೋ ಕೇಳಿದರು.

“ಏನಂತೆ ಸಾರ್ ಅಮ್ಮಂದು?” ಅಂದ ಗಾಯಕ.

ಭೂಮಿ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಹೋಗುತ್ತಿದ್ದೆ. ಬಿಡಲಿಲ್ಲ. ಅನುವಾದ ಮಾಡಲೇಬೇಕಾಯಿತು. “ದೊಡ್ಡ ಗಾಯಕರೆಲ್ಲ ಕುದುರೆ ಮೇಲೆ ಬರ್ತಾರೆ ಅಂತ ಪಂಡಿತರು ಹೇಳಿದಾರೆ, ನಿಮ್ಮ ಕುದುರೆ ಎಲ್ಲಿ ಅಂತ ಕೇಳ್ತಿದಾರೆ.”

ಗಾಯಕ ನನ್ನ ಮುಖ ನೋಡಿದ. ಬೆನ್ ಕೈಯಲ್ಲಿದ್ದ ಗುಲಾಬಿ ನೋಡಿದ. ಖಾಲಿ ಬಯಲನ್ನು ಒಮ್ಮೆ ಉದ್ದಕ್ಕೂ ನೋಡಿದ. ಆಮೇಲೆ ಹಿಂದೆ ವೈರು ಸುತ್ತುತ್ತಿದ್ದ ಡ್ರಮ್ಮರನ ಕಡೆ ತಿರುಗಿದ.

“ಲೋ, ಜನ ಯಾಕೆ ಬಂದಿಲ್ಲ ಅಂತ ಸಂಜೆಯಿಂದ ತಲೆ ಕೆಡಿಸ್ಕೊಂಡಿದ್ಯಲ್ಲ. ಗೊತ್ತಾಯ್ತು ಕಣೋ. ನಾವು ಆಟೋದಲ್ಲಿ ಬಂದ್ವಿ.”